ಹಿತ್ತಲಿನ ಹಕ್ಕಿಗೆ ಚಳಿಗಾಲದ ಕಾಳು: ತುಂಬುವುದಕ್ಕಿಂತ ತೊಳೆಯುವುದು ದೊಡ್ಡ ಕೆಲಸ

ಕಳೆದ ಡಿಸೆಂಬರಿನಲ್ಲಿ ಒಂದು ಸಂಜೆ ನಮ್ಮ ಹಿತ್ತಲಿನ ಕಾಳಿನ ತಟ್ಟೆಯ ಪಕ್ಕ ಒಂದು ಚೋರೆ ಹಕ್ಕಿ ಕೂತಿತ್ತು. ಮೈಯೆಲ್ಲ ಉಬ್ಬಿಸಿಕೊಂಡು, ಕಣ್ಣು ಅರ್ಧ ಮುಚ್ಚಿಕೊಂಡು. ಜೋಳದ ಕಾಳನ್ನು ಕೊಕ್ಕಿಗೆ ತೆಗೆದುಕೊಳ್ಳುತ್ತಿತ್ತು, ನುಂಗಲಾಗದೆ ಬೀಳಿಸುತ್ತಿತ್ತು. ಚಳಿಗೆ ಹೀಗಾಗಿದೆ ಅಂದುಕೊಂಡು ಇನ್ನೊಂದು ಹಿಡಿ ಕಾಳು ಹಾಕಿದೆ. ಮರುದಿನ ಬೆಳಿಗ್ಗೆ ದಾಸವಾಳದ ಬುಡದಲ್ಲಿ ಅದು ಸತ್ತು ಬಿದ್ದಿತ್ತು. ತಟ್ಟೆಯನ್ನು ಕೆಳಗಿಳಿಸಿ ನೋಡಿದೆ. ಅಂಚಿನ ತುಂಬ ಹಿಕ್ಕೆ, ಮೂಲೆಯಲ್ಲಿ ಬೂಷ್ಟು ಹಿಡಿದ ಕಾಳು. ತಟ್ಟೆ ಕಟ್ಟಿದ ದಿನದಿಂದ ಅದನ್ನು ಒಮ್ಮೆಯೂ ತೊಳೆದಿರಲಿಲ್ಲ.

ಆ ಹಕ್ಕಿ ಯಾವ ರೋಗದಿಂದ ಸತ್ತಿತು ಎಂದು ಪರೀಕ್ಷೆ ಮಾಡಿಸಲಿಲ್ಲ. ಆದರೆ ಅಂದಿನಿಂದ ಈ ವಿಷಯವನ್ನು ಕೂತು ಓದಿದೆ, ಕೇಳಿ ತಿಳಿದುಕೊಂಡೆ. ಈಗ ಶಿರಸಿಯ ಮನೆಗಳ ಜಗುಲಿಯಲ್ಲೂ ಕಾರವಾರದ ಫ್ಲ್ಯಾಟ್ ಬಾಲ್ಕನಿಗಳಲ್ಲೂ ಆನ್‌ಲೈನ್‌ನಲ್ಲಿ ತರಿಸಿದ ಪ್ಲಾಸ್ಟಿಕ್ ಫೀಡರ್‌ಗಳು ತೂಗುತ್ತಿವೆ. ಅದರ ಜೊತೆ ಬರುವ ಸೂಚನೆಯ ಚೀಟಿ ಬರೆದಿರುವುದು ಹಿಮ ಬೀಳುವ ಊರಿನವರಿಗೆ. ನಮ್ಮ ಚಳಿಗಾಲವೇ ಬೇರೆ.

ಫೀಡರ್ ಅಂದರೆ

ಹಕ್ಕಿಗಳು ಬಂದು ತಿನ್ನಲಿ ಎಂದು ಕಾಳು, ಹಣ್ಣು ಇಡುವ ಪಾತ್ರೆಯೇ ಫೀಡರ್. ಮುಖ್ಯವಾಗಿ ಎರಡು ಥರ. ಒಂದು ತೆರೆದ ತಟ್ಟೆ. ಮಣ್ಣಿನ ಬೋಗುಣಿ, ತೆಂಗಿನ ಗರಟೆ, ಹಲಗೆ ತುಂಡು, ಯಾವುದಾದರೂ ಆಗುತ್ತದೆ. ಇನ್ನೊಂದು ಕೊಳವೆ. ಕಾಳು ಒಳಗೆ ಮುಚ್ಚಿರುತ್ತದೆ, ಕೆಳಗಿನ ಸಣ್ಣ ಕಿಂಡಿಯಿಂದ ಹಕ್ಕಿ ಒಂದೊಂದೇ ಕಾಳು ಎಳೆದುಕೊಳ್ಳುತ್ತದೆ.

ನಮಗೆ ಇದು ಹೊಸದೇನೂ ಅಲ್ಲ. ಹೊಸ ಭತ್ತದ ಕದಿರನ್ನು ಬಾಗಿಲಿಗೆ ಕಟ್ಟುವ ರೂಢಿ ನಮ್ಮಲ್ಲಿದೆ. ಗುಬ್ಬಿಗಳು ಆ ಕದಿರಿಗೆ ಜೋತುಬಿದ್ದು ಒಂದೊಂದೇ ಕಾಳು ಬಿಡಿಸಿ ತಿನ್ನುವುದನ್ನು ನೋಡುತ್ತಲೇ ಬೆಳೆದವರು ನಾವು. ಆ ಕದಿರಿನಲ್ಲಿ ಒಂದು ಜಾಣತನವೂ ಇದೆ. ಹಿಕ್ಕೆ ನೇರ ಕೆಳಗೆ ಬೀಳುತ್ತದೆ, ಕಾಳಿಗೆ ತಾಗುವುದು ಕಡಿಮೆ. ಚಪ್ಪಟೆ ತಟ್ಟೆಯಲ್ಲಿ ಆ ಅನುಕೂಲ ಇಲ್ಲ. ತಿನ್ನುವ ಜಾಗವೂ ಕೂರುವ ಜಾಗವೂ ಅಲ್ಲಿ ಒಂದೇ.

ಅಲ್ಲಿನ ಚಳಿ, ಇಲ್ಲಿನ ಚಳಿ

ಹಕ್ಕಿಗಳ ಮೈ ನಮ್ಮದಕ್ಕಿಂತ ಬಿಸಿ, ಸುಮಾರು 40 ಡಿಗ್ರಿ ಸೆಲ್ಸಿಯಸ್. ಮೈ ಮಾತ್ರ ಚಿಕ್ಕದು. ಒಂದು ಗುಬ್ಬಿ ತೂಗಿದರೆ 25ರಿಂದ 30 ಗ್ರಾಂ ಅಷ್ಟೆ. ಲೋಟದ ಚಹಾ ಹತ್ತು ನಿಮಿಷದಲ್ಲಿ ಆರಿಹೋಗುತ್ತದೆ, ಬಚ್ಚಲ ಹಂಡೆಯ ನೀರು ಮಧ್ಯಾಹ್ನದವರೆಗೂ ಬೆಚ್ಚಗಿರುತ್ತದೆ ಅಲ್ವಾ? ಚಿಕ್ಕ ಮೈಯಿಂದ ಶಾಖ ಹೀಗೆಯೇ ಬೇಗ ಹೊರಟುಹೋಗುತ್ತದೆ. ಒಲೆ ಆರದ ಹಾಗೆ ಕಟ್ಟಿಗೆ ಒಟ್ಟುತ್ತಲೇ ಇರಬೇಕು. ಹಕ್ಕಿಗೆ ಆ ಕಟ್ಟಿಗೆ ಎಂದರೆ ಆಹಾರ.

ಲಂಡನ್ನಿನಂಥ ಊರಿನಲ್ಲಿ ಡಿಸೆಂಬರಿನ ರಾತ್ರಿ ಸುಮಾರು 16 ಗಂಟೆ. ಇನ್ನೂ ಉತ್ತರಕ್ಕೆ ನೆಲದ ಮೇಲೆ ಹಿಮ, ಕೆರೆಯ ಮೇಲೆ ಮಂಜುಗಡ್ಡೆ. ಹುಳು ಸಿಗುವುದಿಲ್ಲ, ಬೀಜ ಹಿಮದಡಿ ಹೂತುಹೋಗಿರುತ್ತದೆ. ಆದ್ದರಿಂದ ಅಲ್ಲಿ ಕೊಬ್ಬಿನ ಉಂಡೆ, ಎಣ್ಣೆ ಜಾಸ್ತಿ ಇರುವ ಸೂರ್ಯಕಾಂತಿ ಬೀಜ ಇಡುತ್ತಾರೆ. ನೀರು ಹೆಪ್ಪುಗಟ್ಟದ ಹಾಗೆ ಕಾಯಿಸುವವರೂ ಇದ್ದಾರೆ.

ನಮ್ಮಲ್ಲಿ ಡಿಸೆಂಬರಿನ ರಾತ್ರಿ 13 ಗಂಟೆಯನ್ನೂ ಮುಟ್ಟುವುದಿಲ್ಲ. ಶಿರಸಿ, ಸಿದ್ದಾಪುರದ ಕಡೆ ನಸುಕಿನಲ್ಲಿ 15 ಡಿಗ್ರಿಯ ಆಚೀಚೆ ಇರುತ್ತದೆ. ಕಾರವಾರ, ಕುಮಟಾದಲ್ಲಿ ಅದಕ್ಕಿಂತ ಬೆಚ್ಚಗೆ. ಹಕ್ಕಿಗೆ ಗರಿ ಉಬ್ಬಿಸಿ ಕೂತರೆ ಕಳೆದುಹೋಗುವಷ್ಟು ಚಳಿ ಇದು. ಅದೂ ಅಲ್ಲದೆ ಚಳಿಗಾಲ ನಮ್ಮಲ್ಲಿ ಸುಗ್ಗಿಯ ಕಾಲ. ಕೊಯ್ಲಾದ ಗದ್ದೆಯಲ್ಲಿ ಉದುರಿದ ಭತ್ತ, ಬಿಸಿಲಿಗೆ ಬಲಿತು ಒಣಗಿದ ಹುಲ್ಲಿನ ಬೀಜ, ಮಳೆ ಮುಗಿದು ಹೆಚ್ಚಿದ ಹುಳು. ಆಲ, ಬಸರಿ, ಅತ್ತಿ ಮರಗಳಲ್ಲಿ ಇಲ್ಲೊಂದು ಅಲ್ಲೊಂದು ಹಣ್ಣು ತುಂಬಿಕೊಂಡಿರುತ್ತದೆ.

ಹಾಗಾಗಿ ನಾವಿಡುವ ಕಾಳು ಹಕ್ಕಿಯ ಪಾಲಿಗೆ ತಿಂಡಿ ಇದ್ದಂತೆ, ಊಟ ಬೇರೆ ಕಡೆ ಇದ್ದೇ ಇದೆ. ನಾವು ನಾಲ್ಕು ದಿನ ಊರಿಗೆ ಹೋದರೆ ಅವು ಉಪವಾಸ ಬೀಳುವುದಿಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ, ಅಂಥ ಕಡು ಚಳಿಯ ಊರಿನಲ್ಲೂ, ಚಿಕಡಿ ಎಂಬ ಪುಟ್ಟ ಹಕ್ಕಿಗಳನ್ನು ಅಧ್ಯಯನ ಮಾಡಿದಾಗ ಫೀಡರ್ ಇದ್ದರೂ ಅವು ಬಹುಪಾಲು ಆಹಾರವನ್ನು ಕಾಡಿನಿಂದಲೇ ಹುಡುಕಿಕೊಳ್ಳುತ್ತಿದ್ದವು. ಇದನ್ನು ತಿಳಿದುಕೊಂಡರೆ ಮನಸ್ಸು ಹಗುರಾಗುತ್ತದೆ. ತಟ್ಟೆ ತೊಳೆಯಲು ಪುರಸೊತ್ತಿಲ್ಲದ ವಾರ ಅದನ್ನು ಒಳಗಿಟ್ಟುಬಿಡಬಹುದು. ಹಕ್ಕಿಗೆ ನಷ್ಟವಿಲ್ಲ.

ಚಳಿಗಾಲದ ನೆಂಟರು ಕಾಳು ತಿನ್ನುವುದಿಲ್ಲ

ಇದು ಬಹಳ ಜನರಿಗೆ ಗೊತ್ತಿಲ್ಲ. ಮಳೆಗಾಲ ಮುಗಿಯುತ್ತಿದ್ದಂತೆ ಉತ್ತರದಿಂದ ವಲಸೆ ಹಕ್ಕಿಗಳು ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಬರುತ್ತವೆ. ಅಂಗಳದಲ್ಲಿ ಬಾಲ ಕುಣಿಸುತ್ತ ಓಡಾಡುವ ಬೂದು ಕುಂಡೆಕುಸ್ಕ, ತೋಟದ ಒಳಗೆ ದರಕು (ಉದುರಿದ ಒಣ ಎಲೆ) ಕೆದಕುವ ನವರಂಗ, ಎಲೆಗಳ ಮರೆಯಲ್ಲಿ ಚಿಲಿಪಿಲಿ ಎನ್ನುವ ಪುಟ್ಟ ಉಲಿಯಕ್ಕಿಗಳು. ಇವೆಲ್ಲ ಹುಳು ತಿಂದು ಬದುಕುವಂಥವು. ಎಷ್ಟು ನವಣೆ ಹಾಕಿದರೂ ತಿರುಗಿಯೂ ನೋಡುವುದಿಲ್ಲ.

ಕಾಳಿಗೆ ಬರುವವು ಇಲ್ಲೇ ಇರುವ ಗುಬ್ಬಿ, ಚೋರೆ, ರಾಟವಾಳ, ಪಾರಿವಾಳ. ಹಣ್ಣಿಟ್ಟರೆ ಪಿಕಳಾರ, ಗೊರವಂಕ, ಕುಟ್ರು ಹಕ್ಕಿ, ಕೋಗಿಲೆ. ವಲಸೆ ಬಂದವಕ್ಕೆ ಏನಾದರೂ ಮಾಡಬೇಕೆಂದರೆ ಹಿತ್ತಲಿಗೆ ಹುಳುವಿನ ಔಷಧಿ ಹೊಡೆಯುವುದನ್ನು ಬಿಡಬೇಕು. ಒಂದು ಮೂಲೆಯಲ್ಲಿ ದರಕನ್ನು ಗುಡಿಸದೆ ಹಾಗೇ ಇಡಬಹುದು. ಆದರೆ ಮಂಗನ ಕಾಯಿಲೆ ಕಾಣಿಸಿಕೊಂಡ ಊರುಗಳಲ್ಲಿ ಇದು ಬೇಡ. ಅದನ್ನು ಹರಡುವ ಉಣುಗುಗಳು ದರಕಿನಲ್ಲೇ ಇರುತ್ತವೆ. ಅಲ್ಲಿ ಆರೋಗ್ಯ ಇಲಾಖೆಯವರ ಮಾತೇ ಕೊನೆ.

ಕೊಳೆ ತಟ್ಟೆಯಲ್ಲಿ ರೋಗ ಹರಡುವ ಬಗೆ

ಕಾಡಿನಲ್ಲಿ ಹಕ್ಕಿಗಳು ಹರಡಿಕೊಂಡು ತಿನ್ನುತ್ತವೆ. ಇವತ್ತು ಈ ಗದ್ದೆ, ನಾಳೆ ಆ ಬ್ಯಾಣದ ಹುಲ್ಲುಗಾವಲು. ಫೀಡರ್ ಇಟ್ಟಾಗ ನಾವು ಮೂವತ್ತು ಹಕ್ಕಿಗಳನ್ನು ಒಂದು ಮೊಳದ ಜಾಗಕ್ಕೆ ಕರೆಯುತ್ತೇವೆ, ಪ್ರತಿದಿನ. ಮಾರಿಕಾಂಬಾ ಜಾತ್ರೆಯ ದಿನ ಊಟಕ್ಕೆ ಪಂಕ್ತಿಯ ಮೇಲೆ ಪಂಕ್ತಿ ಕೂರುತ್ತದೆ. ಪ್ರತಿ ಪಂಕ್ತಿ ಏಳುತ್ತಲೇ ಎಲೆ ತೆಗೆದು, ನೆಲ ಒರೆಸಿ, ಹೊಸ ಎಲೆ ಹಾಕುತ್ತಾರೆ. ಒಂದೇ ಎಲೆಯಲ್ಲಿ ಎಲ್ಲರೂ ಉಂಡು, ಅದನ್ನು ತಿಂಗಳುಗಟ್ಟಲೆ ತೆಗೆಯದೇ ಇದ್ದರೆ? ತೊಳೆಯದ ಫೀಡರ್ ಎಂದರೆ ಅದೇ.

ಹೀಗೆ ಹರಡುವ ರೋಗಗಳಲ್ಲಿ ಮೊದಲನೆಯದು ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ್ದು. ಕಾಯಿಲೆಯ ಹಕ್ಕಿ ಹಿಕ್ಕೆ ಹಾಕುತ್ತದೆ, ಅದು ಕಾಳಿಗೆ ತಾಗುತ್ತದೆ, ಇನ್ನೊಂದು ಹಕ್ಕಿ ಆ ಕಾಳು ತಿನ್ನುತ್ತದೆ. ಇದು ಮನುಷ್ಯರಿಗೂ ಬರುತ್ತದೆ. 2021ರಲ್ಲಿ ಅಮೆರಿಕದಲ್ಲಿ ಪೈನ್ ಸಿಸ್ಕಿನ್ ಎಂಬ ಹಕ್ಕಿಗಳಿಗೆ ಫೀಡರ್‌ಗಳ ಬಳಿ ಈ ರೋಗ ಹರಡಿ, ಜನರಿಗೂ ವಾಂತಿಭೇದಿ, ಜ್ವರ ಬಂದಿತ್ತು. ಫೀಡರ್ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು ಎನ್ನುವುದು ಇದಕ್ಕೇ. ಮಕ್ಕಳಿಗೆ ಇದನ್ನು ಮೊದಲ ದಿನವೇ ಕಲಿಸಿ.

ಎರಡನೆಯದು ಟ್ರೈಕೊಮೊನಾಸ್ ಎಂಬ ಕಣ್ಣಿಗೆ ಕಾಣದ ಪರಾವಲಂಬಿ. ಇದು ಹಕ್ಕಿಯ ಗಂಟಲಿನಲ್ಲಿ ಬೆಳೆಯುತ್ತದೆ. ಗಂಟಲು ಕಟ್ಟಿ, ನುಂಗಲಾಗದೆ, ಹಕ್ಕಿ ಎಂಜಲು ಸಮೇತ ಕಾಳನ್ನು ಉಗುಳುತ್ತದೆ. ಆ ಎಂಜಲು ಕಾಳನ್ನು ಇನ್ನೊಂದು ಹಕ್ಕಿ ಹೆಕ್ಕುತ್ತದೆ. ಪಾರಿವಾಳ, ಚೋರೆಗಳಲ್ಲಿ ಇದು ಮೊದಲಿನಿಂದಲೂ ಇರುವ ರೋಗ. ಬ್ರಿಟನ್ನಿನಲ್ಲಿ 2005ರ ಸುಮಾರಿಗೆ ಇದು ಗ್ರೀನ್‌ಫಿಂಚ್ ಎಂಬ ಹಕ್ಕಿಗೆ ದಾಟಿತು. ಮನೆ ಮನೆಯ ತೋಟದಲ್ಲಿ ಕಾಣುತ್ತಿದ್ದ ಆ ಹಕ್ಕಿಯ ಸಂಖ್ಯೆ ಕೆಲವೇ ವರ್ಷಗಳಲ್ಲಿ ಕುಸಿದುಹೋಯಿತು. ಹಕ್ಕಿಯನ್ನು ಪ್ರೀತಿಸುವವರೇ ಇಟ್ಟ ತಟ್ಟೆ, ನೀರಿನ ಬೋಗುಣಿಗಳೂ ರೋಗ ಹರಡುವ ಜಾಗಗಳಾದವು. ಇದನ್ನು ಓದಿದ ದಿನ ನನಗೆ ಆ ಚೋರೆ ಹಕ್ಕಿ ಕಾಳು ಬೀಳಿಸುತ್ತಿದ್ದುದು ನೆನಪಾಯಿತು.

ಒಂದು ಸಮಾಧಾನದ ಸಂಗತಿಯೂ ಇಲ್ಲೇ ಇದೆ. ಟ್ರೈಕೊಮೊನಾಸ್‌ಗೆ ತೇವ ಬೇಕು. ಪೂರಾ ಒಣಗಿದ ಜಾಗದಲ್ಲಿ ಅದು ಹೆಚ್ಚು ಹೊತ್ತು ಬದುಕುವುದಿಲ್ಲ. ಅಂದರೆ ನಮ್ಮ ಅಂಗಳದ ಬಿಸಿಲೇ ಅರ್ಧ ಔಷಧಿ.

ಮೂರನೆಯದು ಕಣ್ಣುಬೇನೆ. 1994ರಲ್ಲಿ ಅಮೆರಿಕದ ಹೌಸ್ ಫಿಂಚ್ ಹಕ್ಕಿಗಳಲ್ಲಿ ಮೊದಲು ಕಂಡದ್ದು. ಕಣ್ಣು ಊದಿ, ಮುಚ್ಚಿಕೊಂಡು, ಹಕ್ಕಿ ಕುರುಡಾಗುತ್ತದೆ. ಕೊಳವೆ ಫೀಡರ್‌ನ ಕಿಂಡಿಗೆ ತಲೆ ಉಜ್ಜಿದಾಗ ಸೋಂಕು ಅಲ್ಲಿ ಅಂಟುತ್ತದೆ. ಹಾಗಾಗಿ ಕೊಳವೆ ಫೀಡರ್ ತಂದರೆ ತೊಳೆಯುವ ಕೆಲಸ ತಪ್ಪಿತು ಎಂದುಕೊಳ್ಳುವ ಹಾಗಿಲ್ಲ.

ತೊಳೆಯುವುದು ಹೇಗೆ

ಎರಡು ವಾರಕ್ಕೆ ಒಮ್ಮೆ ಎನ್ನುವುದು ಪಕ್ಷಿತಜ್ಞರು ಸಾಮಾನ್ಯವಾಗಿ ಹೇಳುವ ಲೆಕ್ಕ. ಹಕ್ಕಿ ಜಾಸ್ತಿ ಬರುವ ಕಡೆ, ತೇವದ ಹವೆಯಲ್ಲಿ ಇನ್ನೂ ಬೇಗ ಬೇಗ ತೊಳೆಯಬೇಕು ಎಂದೂ ಅವರೇ ಹೇಳುತ್ತಾರೆ. ನಮ್ಮ ಕರಾವಳಿಗೆ ವಾರಕ್ಕೊಮ್ಮೆ ಎಂದು ಇಟ್ಟುಕೊಳ್ಳುವುದು ಒಳ್ಳೆಯದು.

ಉಳಿದ ಕಾಳನ್ನೆಲ್ಲ ಚೆಲ್ಲಿ. ಸೋಪಿನ ನೀರಿನಲ್ಲಿ ಹಳೆಯ ಬ್ರಶ್ಶಿನಿಂದ ಹಿಕ್ಕೆಯನ್ನು ಉಜ್ಜಿ ತೆಗೆಯಿರಿ. ಹಿಕ್ಕೆ ಅಂಟಿಕೊಂಡಿದ್ದರೆ ಮುಂದೆ ಹಾಕುವ ಔಷಧಿ ಒಳಗಿಳಿಯುವುದಿಲ್ಲ. ಆಮೇಲೆ 9 ಪಾಲು ನೀರಿಗೆ 1 ಪಾಲು ಬಟ್ಟೆಗೆ ಹಾಕುವ ದ್ರವ ಬ್ಲೀಚ್ ಬೆರೆಸಿ, ಅದರಲ್ಲಿ ಹತ್ತು ನಿಮಿಷ ಮುಳುಗಿಸಿಡಿ. ವಾಸನೆ ಹೋಗುವವರೆಗೆ ಒಳ್ಳೆಯ ನೀರಿನಲ್ಲಿ ತೊಳೆಯಿರಿ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಬ್ಲೀಚನ್ನು ಯಾವತ್ತೂ ಬೆರೆಸಬಾರದು. ಉಸಿರುಗಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ. ಪಾತ್ರೆ ತೊಳೆಯುವ ಕಟ್ಟೆ ಬೇಡ, ಹಿತ್ತಲಿನ ನಲ್ಲಿ ಸಾಕು. ಬ್ರಶ್ಶೂ ಇದಕ್ಕೇ ಬೇರೆ ಇರಲಿ.

ಕೊನೆಯ ಹಂತವನ್ನೇ ಜನ ಬಿಡುವುದು: ಒಣಗಿಸುವುದು. ಅಡಿಕೆ ಹರವಿದ ಅಂಗಳದಲ್ಲೇ ಒಂದು ಮೂಲೆಯಲ್ಲಿ ಕವುಚಿ ಹಾಕಿ. ಮುಟ್ಟಿದರೆ ಬಿಸಿ ಹತ್ತಬೇಕು, ಅಲ್ಲಿಯವರೆಗೆ ಕಾಳು ತುಂಬಬಾರದು. ಎರಡು ತಟ್ಟೆ ಇದ್ದರೆ ಅನುಕೂಲ. ಒಂದು ಒಣಗುವಾಗ ಇನ್ನೊಂದು ಇಡಬಹುದು.

ತೊಳೆಯುವುದೇ ಬೇಡ ಎನ್ನುವವರಿಗೆ ನಮ್ಮ ಊರಿನಲ್ಲೇ ದಾರಿಯಿದೆ. ಅಡಿಕೆ ಹಾಳೆ. ಒಂದು ಗೇಣಿನ ತುಂಡು ಕತ್ತರಿಸಿ, ನೀರು ನಿಲ್ಲದ ಹಾಗೆ ತಳಕ್ಕೆ ನಾಲ್ಕು ತೂತು ಕೊರೆದು, ದಾರ ಕಟ್ಟಿ ತೂಗಿಸಿ. ಮೂರು ದಿನಕ್ಕೊಮ್ಮೆ ಗೊಬ್ಬರಗುಂಡಿಗೆ ಎಸೆದು ಹೊಸದು ಕಟ್ಟಿ. ನಾನು ಈಗ ಮಾಡುವುದು ಇದನ್ನೇ. ದುಡ್ಡು ಕೊಟ್ಟು ತಂದ ಯಾವ ಫೀಡರ್‌ಗಿಂತಲೂ ಇದು ನಮಗೆ ಸರಿಹೊಂದುತ್ತದೆ ಎಂಬುದು ನನ್ನ ಅನುಭವ.

ಇಬ್ಬನಿ ಮತ್ತು ಬೂಷ್ಟು

ಘಟ್ಟದ ಮೇಲೆ ಬೆಳಗಿನ ಹೊತ್ತು ಇಬ್ಬನಿ ತೊಟ್ಟಿಕ್ಕುತ್ತದೆ. ಕಡಲ ಬದಿಯಲ್ಲಿ ಗಾಳಿಯೇ ಪಸೆ. ಹಪ್ಪಳದ ಡಬ್ಬಿ ಮುಚ್ಚದೆ ಬಿಟ್ಟರೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಕಾಳಿಗೂ ಅದೇ ಆಗುತ್ತದೆ. ಒದ್ದೆ ಕಾಳಿನಲ್ಲಿ ಬೆಳೆಯುವ ಆಸ್ಪರ್ಜಿಲ್ಲಸ್ ಎಂಬ ಬೂಷ್ಟು ಹಕ್ಕಿಯ ಉಸಿರಿನ ಮೂಲಕ ಒಳಗೆ ಹೋಗಿ ಶ್ವಾಸಕೋಶವನ್ನು ಕೆಡಿಸುತ್ತದೆ. ಶೇಂಗಾದಲ್ಲಿ ಬೆಳೆಯುವ ಇದರದೇ ಒಂದು ಜಾತಿ ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಮುಗ್ಗಲು ಶೇಂಗಾ ನಮಗೆ ಬೇಡವಾದರೆ ಹಕ್ಕಿಗೂ ಬೇಡ.

ಉಪಾಯ ಕಷ್ಟದ್ದಲ್ಲ. ತಟ್ಟೆಯನ್ನು ಸೂರಿನ ಕೆಳಗೆ ತೂಗಿಸಿ. ಒಂದು ದಿನಕ್ಕೆ ಖಾಲಿಯಾಗುವಷ್ಟೇ ಕಾಳು, ಸುಮ್ನೆ ಒಂದೆರಡು ಮುಷ್ಟಿ, ಬೆಳಿಗ್ಗೆ ಹಾಕಿ. ಹಕ್ಕಿಗಳು ಹೆಚ್ಚು ತಿನ್ನುವುದು ಬೆಳಕು ಹರಿದ ಮೇಲೆ ಒಂದೆರಡು ತಾಸು, ಮತ್ತೆ ಗೂಡಿಗೆ ಹೋಗುವ ಮೊದಲು. ಕತ್ತಲಾಗುವ ಹೊತ್ತಿಗೆ ಉಳಿದಿದ್ದರೆ ತೆಗೆದುಬಿಡಿ.

ಏನು ಹಾಕಬಹುದು

ನವಣೆ, ಸಾವೆ, ರಾಗಿ, ಜೋಳ, ಭತ್ತ, ಅಕ್ಕಿ ನುಚ್ಚು. ಹಸಿ ಅಕ್ಕಿ ಹಕ್ಕಿಯ ಹೊಟ್ಟೆಯಲ್ಲಿ ಉಬ್ಬಿ ಅದು ಸಾಯುತ್ತದೆ ಎಂಬ ಮಾತು ಸುಳ್ಳು. ಗದ್ದೆಯ ಭತ್ತ ತಿಂದೇ ಎಷ್ಟೋ ಹಕ್ಕಿಗಳು ಬದುಕಿವೆ. ಹಣ್ಣಿನಲ್ಲಿ ಬಾಳೆ, ಪಪ್ಪಾಯಿ, ಚಿಕ್ಕು, ಪೇರಲೆ. ಹಣ್ಣು ಬೇಗ ಹುಳಿಯುತ್ತದೆ, ಅದನ್ನು ಆ ದಿನವೇ ತೆಗೆಯಬೇಕು.

ಉಪ್ಪು, ಖಾರ, ಎಣ್ಣೆಯಲ್ಲಿ ಕರಿದದ್ದು ಬೇಡ. ಚಕ್ಕುಲಿ, ಮಿಕ್ಸ್ಚರ್ ಎಲ್ಲ ಇದರಲ್ಲಿ ಬಂತು. ಹಕ್ಕಿಯ ಚಿಕ್ಕ ಮೈಗೆ ಅಷ್ಟು ಉಪ್ಪನ್ನು ಹೊರಹಾಕುವುದು ಕಷ್ಟ. ಬ್ರೆಡ್, ಬಿಸ್ಕತ್ತು ಹೊಟ್ಟೆ ತುಂಬಿಸುತ್ತವೆ, ಸತ್ವ ಕೊಡುವುದಿಲ್ಲ. ಹಾಲು ಅವಕ್ಕೆ ಜೀರ್ಣವಾಗುವುದಿಲ್ಲ. ಬೆಣ್ಣೆಹಣ್ಣು (ಅವಕಾಡೊ) ಮತ್ತು ಚಾಕೊಲೇಟ್ ಹಕ್ಕಿಗೆ ನೇರ ವಿಷ.

ಸಕ್ಕರೆ ನೀರಿನ ಕೆಂಪು ಬಾಟಲಿಗಳೂ ಮಾರಾಟಕ್ಕೆ ಬಂದಿವೆ. ಅವು ಹಮ್ಮಿಂಗ್‌ಬರ್ಡ್‌ಗೆ ಮಾಡಿದ್ದು, ಆ ಹಕ್ಕಿ ಅಮೆರಿಕ ಖಂಡಗಳಲ್ಲಿ ಬಿಟ್ಟರೆ ಎಲ್ಲೂ ಇಲ್ಲ. ನಮ್ಮ ಸೂರಕ್ಕಿಗೆ ದಾಸವಾಳ, ಬಾಳೆಯ ಹೂವು ಇದ್ದರೆ ಬೇರೇನೂ ಬೇಡ. ಕಾಳುಮೆಣಸಿನ ಬಳ್ಳಿ ಹಬ್ಬಿಸಲು ನೆಟ್ಟ ಹಾಲವಾಣ ಎಲೆ ಉದುರಿಸಿ ಕೆಂಪು ಹೂ ಬಿಡುವುದೂ ಚಳಿ ಮುಗಿಯುವ ಹೊತ್ತಿಗೇ. ಆ ಮರದಲ್ಲಿ ಒಂದು ಬೆಳಿಗ್ಗೆ ಕಾಣುವಷ್ಟು ಹಕ್ಕಿ ಯಾವ ಫೀಡರ್‌ನಲ್ಲೂ ಕಾಣುವುದಿಲ್ಲ.

ನೀರು

ಕಾಳು ಇಡದಿದ್ದರೂ ನಡೆದೀತು, ನೀರು ಇಡಿ. ಡಿಸೆಂಬರ್ ದಾಟಿದ ಮೇಲೆ ಸಣ್ಣ ಹಳ್ಳಗಳು ಒಂದೊಂದಾಗಿ ಬತ್ತುತ್ತವೆ. ಹುಳು ತಿನ್ನುವ ವಲಸೆ ಹಕ್ಕಿಗಳೂ ನೀರಿಗೆ ಬರುತ್ತವೆ. ಪಾತ್ರೆ ಅಗಲವಾಗಿರಲಿ, ಆಳ ಎರಡು ಇಂಚು ಮೀರದಿರಲಿ, ನಡುವೆ ಒಂದು ಒರಟು ಕಲ್ಲು ಇರಲಿ. ಹಕ್ಕಿ ಮೀಯುವುದು ಸುಮ್ಮನೆ ಆಟಕ್ಕಲ್ಲ. ಗರಿ ಕೊಳೆಯಾದರೆ ಸರಿಯಾಗಿ ಉಬ್ಬುವುದಿಲ್ಲ, ಉಬ್ಬದಿದ್ದರೆ ಚಳಿ ತಡೆಯುವುದಿಲ್ಲ.

ನೀರನ್ನು ದಿನವೂ ಬದಲಿಸಬೇಕು. ಡೆಂಗಿ ಹರಡುವ ಸೊಳ್ಳೆ ಇಂಥ ಪಾತ್ರೆಯ ಒಳಗೋಡೆಗೇ ಮೊಟ್ಟೆ ಅಂಟಿಸುತ್ತದೆ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದ ಮೇಲೆ ಸ್ವಲ್ಪ ದಿನ ಸಾಕು. ನೀರು ಚೆಲ್ಲಿದರೂ ಒಣಗಿದ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತದೆ. ಆದ್ದರಿಂದ ಚೆಲ್ಲಿದರೆ ಸಾಲದು, ತೆಂಗಿನ ನಾರಿನಿಂದ ಒಳಗೋಡೆಯನ್ನು ಉಜ್ಜಬೇಕು.

ಬೆಕ್ಕು, ಇಲಿ, ಮಂಗ

ತಟ್ಟೆ ಆಳೆತ್ತರದಲ್ಲಿರಲಿ. ಬೆಕ್ಕು ಅಡಗಿ ಕೂರುವಂಥ ಪೊದೆಯಿಂದ ಹತ್ತು ಅಡಿ ದೂರ ಇರಲಿ. ಹಾರಿ ತಪ್ಪಿಸಿಕೊಳ್ಳಲು ಒಂದು ಮರದ ಕೊಂಬೆ ಸಮೀಪದಲ್ಲಿರಬೇಕು.

ಕೆಳಗೆ ಚೆಲ್ಲಿದ ಕಾಳನ್ನು ಸಂಜೆ ಗುಡಿಸುವುದು ಬಹಳ ಮುಖ್ಯ. ಕಾಳಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಇಲಿಯ ಮೂತ್ರದಿಂದ ಇಲಿಜ್ವರ ಬರುತ್ತದೆ.

ಮಂಗ ಬರತೊಡಗಿದರೆ ಫೀಡರನ್ನು ಪೂರ್ತಿ ತೆಗೆದುಬಿಡಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ನಮ್ಮ ಜಿಲ್ಲೆಯಲ್ಲೂ, ಅದರಲ್ಲೂ ಸಿದ್ದಾಪುರದ ಕಡೆ, ಜನರನ್ನು ಕಾಡಿದೆ. ಅದು ಹೆಚ್ಚುವುದು ಡಿಸೆಂಬರಿನಿಂದ ಮೇ ತಿಂಗಳವರೆಗೆ. ಮಂಗನ ಮೈಯ ಉಣುಗು ಹಿತ್ತಲಿಗೆ ಬೀಳುವುದು ಬೇಡ.

ಕಾಯಿಲೆಯ ಹಕ್ಕಿ, ಸತ್ತ ಹಕ್ಕಿ

ಮೈ ಉಬ್ಬಿಸಿಕೊಂಡು ಹಗಲಲ್ಲೇ ತೂಕಡಿಸುವ, ಹತ್ತಿರ ಹೋದರೂ ಹಾರದ, ಕಣ್ಣು ಊದಿದ, ಕಾಳು ಉಗುಳುವ ಒಂದು ಹಕ್ಕಿ ಕಂಡರೂ ಸಾಕು. ಆ ಹೊತ್ತಿಗೇ ಕಾಳು, ನೀರು ಎರಡನ್ನೂ ತೆಗೆಯಿರಿ. ತೊಳೆದು ಒಣಗಿಸಿ, ಕನಿಷ್ಠ ಎರಡು ವಾರ ಏನೂ ಇಡಬೇಡಿ. ಹಕ್ಕಿಗಳು ಚದುರಿಹೋದರೆ ರೋಗ ಹರಡುವುದೂ ಕಡಿಮೆಯಾಗುತ್ತದೆ. ನಾನು ಮಾಡಿದ ಹಾಗೆ ಇನ್ನೊಂದು ಹಿಡಿ ಕಾಳು ಹಾಕುವುದು ತೀರಾ ಉಲ್ಟಾ ಕೆಲಸ.

ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಎತ್ತಿ, ನಾಯಿ ಕೆದಕದಷ್ಟು ಆಳದಲ್ಲಿ ಹೂಳಿ. ನಾಲ್ಕಾರು ಹಕ್ಕಿ, ಅದರಲ್ಲೂ ಕಾಗೆಗಳು ಒಟ್ಟಿಗೆ ಸತ್ತಿದ್ದರೆ ಹೂಳಬೇಡಿ, ಹತ್ತಿರದ ಪಶು ಆಸ್ಪತ್ರೆಗೆ ಹೇಳಿ. 2020ರ ಡಿಸೆಂಬರ್ ಕೊನೆ, 2021ರ ಜನವರಿಯ ಹೊತ್ತಿಗೆ ರಾಜಸ್ಥಾನ, ಮಧ್ಯಪ್ರದೇಶದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡದ್ದು ಹೀಗೆ ಸತ್ತ ಕಾಗೆಗಳಲ್ಲೇ. ಮನೆಯಲ್ಲಿ ಕೋಳಿ ಸಾಕಿದವರು ಕೋಳಿಗೂಡಿನ ಹತ್ತಿರ ಫೀಡರ್ ಇಡಲೇಬಾರದು.

ತೆಗೆದಿಡುವ ದಿನ

ಜೂನ್ ತಿಂಗಳ ಮೊದಲ ಜೋರು ಮಳೆಗೆ ಕಾಳು ತಟ್ಟೆಯಲ್ಲೇ ಮೊಳಕೆಯೊಡೆಯುತ್ತದೆ. ಎಷ್ಟು ತೊಳೆದರೂ ಒಣಗಿಸಲು ಬಿಸಿಲಿಲ್ಲ. ಕಾಳಿನ ತಟ್ಟೆಯನ್ನು ಅದಕ್ಕೂ ಮೊದಲೇ ಒಳಗಿಡಬೇಕು. ಮರಿಗಳಿರುವ ಗುಬ್ಬಿಗೂ ಆಗ ಕಾಳಿಗಿಂತ ಹುಳುವೇ ಬೇಕು. ದೊಡ್ಡ ಗುಬ್ಬಿ ಕಾಳು ತಿಂದರೂ ಮರಿಯ ಬಾಯಿಗೆ ಹಾಕುವುದು ಮೆತ್ತನೆಯ ಹುಳುವನ್ನು. ಕೊನೆಯ ಸಲ ಬ್ಲೀಚಿನಲ್ಲಿ ತೊಳೆದು, ಮೇ ಬಿಸಿಲಿನಲ್ಲೇ ಒಣಗಿಸಿ, ಅಟ್ಟಕ್ಕೆ ಸೇರಿಸಿ. ಗದ್ದೆ ಕೊಯ್ಲು ಮುಗಿದ ಮೇಲೆ ಇಳಿಸಿದರೆ ಸಾಕು.